ಸೂಪರ್‌ಚಾರ್ಜರ್ ಕೂರಿಸುವ ಮುಂಚೆ ಎಂಜಿನ್ ಒಳಗೆ ಆಗಬೇಕಾದ ಕೆಲಸ

ಸೂಪರ್‌ಚಾರ್ಜರ್‌ಗೆ ಹಣ ಕೂಡಿಟ್ಟುಕೊಂಡು ಬರುವವರು ಮೊದಲು ಕೇಳುವುದು, ಯಾವ ಕಂಪನಿಯ ಪಿಸ್ಟನ್ ಹಾಕಿಸಲಿ ಅಂತ. ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಎಷ್ಟು ಬೂಸ್ಟ್ ಬೇಕು, ಅಂದರೆ ಸೂಪರ್‌ಚಾರ್ಜರ್ ಎಂಜಿನ್‌ಗೆ ಒತ್ತಿ ತುಂಬುವ ಗಾಳಿಯ ಹೆಚ್ಚುವರಿ ಒತ್ತಡ ಎಷ್ಟಿರಬೇಕು? ಅದು ಯಾವ ಆರ್‌ಪಿಎಂನಲ್ಲಿ ಬರಬೇಕು? ಇವೆರಡಕ್ಕೆ ಉತ್ತರ ಸಿಗದೆ ಪಿಸ್ಟನ್, ರಾಡ್ ಆರಿಸಲು ಆಗುವುದಿಲ್ಲ. ಉತ್ತರ ಸಿಕ್ಕ ಮೇಲೂ ಎಂಜಿನ್ ಬಾಳಿಕೆ ನಿಲ್ಲುವುದು ಪೆಟ್ಟಿಗೆಯ ಮೇಲಿರುವ ಹೆಸರಿನ ಮೇಲಲ್ಲ, ನೂರನೇ ಒಂದು ಮಿಲಿಮೀಟರ್ ಲೆಕ್ಕದ ಅಳತೆಗಳ ಮೇಲೆ.

ನಾನು ಕ್ಯಾಲಿಫೋರ್ನಿಯಾದಲ್ಲಿ ಎಂಜಿನ್ ಕಟ್ಟುವ ಕೆಲಸ ಮಾಡುವವನು. ಕೈಗೆ ಜಾಸ್ತಿ ಬರುವುದು ಮಾಜ್ದಾ ಮಿಯಾಟಾದ 1.8 ಲೀಟರ್ ಬಿಪಿ ಎಂಜಿನ್. ಹಾಗಾಗಿ ಅದನ್ನೇ ಇಟ್ಟುಕೊಂಡು ಹೇಳುತ್ತೇನೆ. 1994ರ ಮಾಡೆಲ್‌ನಿಂದ ಈ ಪುಟ್ಟ ಎರಡು ಸೀಟಿನ ಕಾರಿನಲ್ಲಿ ಬಂದ ಎಂಜಿನ್ ಇದು. ಬೋರ್ (ಸಿಲಿಂಡರ್ ಅಗಲ) 83 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 85 ಮಿ.ಮೀ., ಒಟ್ಟು 1839 ಸಿಸಿ. ಬ್ಲಾಕ್ ಎರಕದ ಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಂ. ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಗಾಳಿಯನ್ನು ಪಿಸ್ಟನ್ ಎಷ್ಟು ಪಾಲು ಕುಗ್ಗಿಸುತ್ತದೆ ಅನ್ನುವುದು, ಮೊದಲು 9ಕ್ಕೆ 1 ಇತ್ತು, 1999ರಲ್ಲಿ 9.5 ಆಯಿತು, 2001ರಿಂದ 10. ಕಬ್ಬಿಣದ ಬ್ಲಾಕ್ ಆದ್ದರಿಂದ ಬೋರ್ ಮಾಡಿಸಲು ಧೈರ್ಯ ಇರುತ್ತದೆ. ಪಿಸ್ಟನ್‌ಗಳ ಮೇಲೆ ಕೆಳಗಿನ ಓಟವನ್ನು ತಿರುಗುವಿಕೆಯಾಗಿ ಮಾಡುವ ಕ್ರ್ಯಾಂಕ್ ಕೂಡ ಗಟ್ಟಿ. ಬಿರುಕು ಇದೆಯಾ ಅಂತ ಪರೀಕ್ಷೆ ಮಾಡಿಸಿ, ಪಾಲಿಶ್ ಮಾಡಿಸಿ ಅದನ್ನೇ ವಾಪಸ್ ಕೂರಿಸುತ್ತೇನೆ. ಈ ಎಂಜಿನ್‌ನ ದುರ್ಬಲ ಜಾಗ ಪಿಸ್ಟನ್ ಮತ್ತು ಅದನ್ನು ಕ್ರ್ಯಾಂಕ್‌ಗೆ ಜೋಡಿಸುವ ರಾಡ್.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಸುಮಾರು 0.4 ಬಾರ್, ಅಂದರೆ 6 ಪಿಎಸ್‌ಐ ಬೂಸ್ಟ್ ಸಾಕು ಅನ್ನುವವರು ಎಂಜಿನ್ ಬಿಚ್ಚಿಸಬೇಡಿ. ಎಂಜಿನ್ ಆರೋಗ್ಯವಾಗಿದ್ದು, ಟ್ಯೂನಿಂಗ್ ಸರಿಯಾಗಿದ್ದರೆ ಕಂಪನಿಯ ಪಿಸ್ಟನ್, ರಾಡ್‌ಗಳೇ ತಡೆದುಕೊಳ್ಳುತ್ತವೆ. ಚಕ್ರದಲ್ಲಿ 200 ಎಚ್‌ಪಿ ದಾಟಬೇಕು ಅನ್ನುವಾಗ ಒಳಗಿನ ಕೆಲಸದ ಮಾತು ಶುರುವಾಗುತ್ತದೆ.

ಎಂಜಿನ್ ಒಳಗೆ ರಾಡ್ ಮೇಲೆ ಎರಡು ಬೇರೆ ಬೇರೆ ಬಲ ಕೆಲಸ ಮಾಡುತ್ತವೆ. ಒಂದು, ಉರಿಯುವ ಗ್ಯಾಸ್ ಪಿಸ್ಟನ್ನನ್ನು ಕೆಳಗೆ ತಳ್ಳುವ ಬಲ. 83 ಮಿ.ಮೀ. ಪಿಸ್ಟನ್ ಮೇಲೆ 70 ಬಾರ್ ಒತ್ತಡ ಬಿದ್ದರೆ ಅದು ಹತ್ತಿರ ಹತ್ತಿರ 3.9 ಟನ್ ಭಾರ. ಬೂಸ್ಟ್ ಬಂದು ಅದು 100 ಬಾರ್ ಆದರೆ 5.5 ಟನ್. ಈ ಬಲ ರಾಡನ್ನು ಬಗ್ಗಿಸುತ್ತದೆ. ಇನ್ನೊಂದು, ಮೇಲೆ ಹೋದ ಪಿಸ್ಟನ್ನನ್ನು ತಡೆದು ವಾಪಸ್ ಎಳೆಯುವ ಬಲ. ಪಿಸ್ಟನ್, ಪಿನ್, ರಿಂಗ್ ಸೇರಿ 400 ಗ್ರಾಂ ಅಂದುಕೊಳ್ಳಿ. 7000 ಆರ್‌ಪಿಎಂನಲ್ಲಿ ಆ 400 ಗ್ರಾಂ ರಾಡನ್ನು ಸುಮಾರು 1.2 ಟನ್ ಬಲದಲ್ಲಿ ಎಳೆಯುತ್ತದೆ. 8000ಕ್ಕೆ ಹೋದರೆ 1.6 ಟನ್. ಈ ಬಲಕ್ಕೂ ಬೂಸ್ಟ್‌ಗೂ ಸಂಬಂಧ ಇಲ್ಲ, ಅದು ಆರ್‌ಪಿಎಂನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಇದು ಬಗ್ಗಿಸುವುದಿಲ್ಲ, ರಾಡ್ ಬೋಲ್ಟನ್ನು ಎಳೆದು ಸಡಿಲ ಮಾಡುತ್ತದೆ.

ಯಾವ ಥರದ ಸೂಪರ್‌ಚಾರ್ಜರ್ ಅಂತ ನಾನು ಕೇಳುವುದು ಇದಕ್ಕೇ. ಈಟನ್ ಎಂ45, ಎಂ62ನಂಥ ರೂಟ್ಸ್ ಮಾದರಿಯವು 2500 ಆರ್‌ಪಿಎಂನಲ್ಲೇ ಬಹುಪಾಲು ಬೂಸ್ಟ್ ಕೊಡುತ್ತವೆ. ಓಡಿಸಲು ತುಂಬ ಖುಷಿ. ಆದರೆ ಕಡಿಮೆ ಆರ್‌ಪಿಎಂನಲ್ಲಿ ಪೂರ್ತಿ ಒತ್ತಡ ಬಿದ್ದರೆ ನಾಕಿಂಗ್‌ಗೆ (ಸಿಲಿಂಡರ್ ಒಳಗೆ ಪೆಟ್ರೋಲ್ ತಾನಾಗಿ ಹೊತ್ತಿ ಸಿಡಿಯುವುದಕ್ಕೆ) ಸಮಯ ಜಾಸ್ತಿ ಸಿಗುತ್ತದೆ, ರಾಡ್ ಬಗ್ಗುವ ಅಪಾಯವೂ ಅಲ್ಲೇ. ರಾಟ್ರೆಕ್ಸ್‌ನಂಥ ಸೆಂಟ್ರಿಫ್ಯೂಗಲ್ ಮಾದರಿಯಲ್ಲಿ ಬೂಸ್ಟ್ ಆರ್‌ಪಿಎಂ ಜೊತೆ ಏರುತ್ತಾ ಹೋಗಿ ಮೇಲ್ತುದಿಯಲ್ಲಿ ಪೂರ್ತಿ ಸಿಗುತ್ತದೆ. ರಾಡ್‌ಗೆ ಇದು ಸ್ವಲ್ಪ ಮೃದು. ಆದರೆ ಆ ಮೇಲ್ತುದಿಯ ಆಸೆಗೆ ಜನ ಆರ್‌ಪಿಎಂ ಮಿತಿ ಏರಿಸುತ್ತಾರೆ, ಆಗ ಬೋಲ್ಟ್‌ಗಳಿಗೆ ಕಷ್ಟ.

ಇನ್ನೊಂದು ವಿಷಯ ಬಹಳ ಜನ ಗಮನಿಸುವುದಿಲ್ಲ. ಸೂಪರ್‌ಚಾರ್ಜರ್ ತಿರುಗುವುದು ಎಂಜಿನ್‌ನ ಬೆಲ್ಟ್‌ನಿಂದ. ಈ ಎಂಜಿನ್‌ನಲ್ಲಿ 7000 ಆರ್‌ಪಿಎಂಗೆ 0.5 ಬಾರ್ ಗಾಳಿ ಒತ್ತುವುದಕ್ಕೇ ಸುಮಾರು 12 ಎಚ್‌ಪಿ ಬೇಕು, ಬೇರಿಂಗ್ ಮತ್ತು ಬೆಲ್ಟ್‌ನ ನಷ್ಟ ಬಿಟ್ಟು. ಆ ಶಕ್ತಿಯೂ ಇದೇ ಪಿಸ್ಟನ್, ಇದೇ ರಾಡ್ ಮೂಲಕವೇ ಬರಬೇಕು. ಹಾಗಾಗಿ ಶಕ್ತಿ ಅಳೆಯುವ ಯಂತ್ರ, ಡೈನೋ, ತೋರಿಸುವ ಸಂಖ್ಯೆಗಿಂತ ಒಳಗಿನ ಭಾಗಗಳ ಮೇಲಿನ ಹೊರೆ ಜಾಸ್ತಿಯೇ ಇರುತ್ತದೆ.

ರಾಡ್ ವಿಷಯ ಬೇಗ ಮುಗಿಯುತ್ತದೆ. 4340 ಉಕ್ಕಿನ ಫೋರ್ಜ್ಡ್ (ಬಡಿದು ರೂಪ ಕೊಟ್ಟ) ರಾಡ್, ಒಳ್ಳೆಯ ಬೋಲ್ಟ್. ರಾಡ್‌ನ ಆಕಾರ ಎಚ್ ಬೀಮ್ ಬೇಕಾ, ಐ ಬೀಮ್ ಬೇಕಾ ಅಂತ ಜನ ರಾತ್ರಿಯೆಲ್ಲ ವಾದ ಮಾಡುತ್ತಾರೆ. ಈ ಮಟ್ಟದ ಶಕ್ತಿಗೆ ಎರಡೂ ಸಾಕು. ಮುಖ್ಯ ಆಗುವುದು ಬೋಲ್ಟ್ ಬಿಗಿಯುವ ರೀತಿ. ಟಾರ್ಕ್ ವ್ರೆಂಚ್ ನಂಬಿದರೆ ಎಣ್ಣೆ ಎಷ್ಟು ಹಚ್ಚಿದ್ದೀರಿ ಅನ್ನುವುದರ ಮೇಲೆ ಬಿಗಿ ಬದಲಾಗುತ್ತದೆ. ಅದಕ್ಕೇ ಬೋಲ್ಟ್ ಎಷ್ಟು ಉದ್ದ ಹಿಗ್ಗಿತು ಅಂತ ಗೇಜ್‌ನಲ್ಲಿ ಅಳೆಯುತ್ತೇನೆ. ಬೋಲ್ಟ್ ತಯಾರಕರು ಕೊಟ್ಟ ಹಿಗ್ಗು ಬಂದರೆ ಮಾತ್ರ ಅದು ಬಿಗಿ. ಸಣ್ಣ ಬೋಲ್ಟ್ ಅದು, ಆದರೆ ಕಿತ್ತುಹೋದರೆ ರಾಡ್ ಬ್ಲಾಕನ್ನೇ ತೂತು ಮಾಡಿ ಹೊರಗೆ ಬರುತ್ತದೆ.

ಪಿಸ್ಟನ್‌ಗೆ ಬರೋಣ. ಕಂಪನಿಯ ಪಿಸ್ಟನ್ ಎರಕದ್ದು. ಎರಕದ ಕಾವಲಿ ಕೈಜಾರಿ ಕಲ್ಲಿನ ಮೇಲೆ ಬಿದ್ದರೆ ಸೀಳುತ್ತದೆ; ಕಮ್ಮಾರ ಬಡಿದು ಮಾಡಿದ ಮಚ್ಚು ಬಿದ್ದರೆ ಹೆಚ್ಚೆಂದರೆ ಬಾಯಿ ಮಡಚುತ್ತದೆ. ಲೋಹ ಬೇರೆಯಾದರೂ ಎರಕದ ಪಿಸ್ಟನ್‌ಗೂ ಫೋರ್ಜ್ಡ್ ಪಿಸ್ಟನ್‌ಗೂ ಇರುವ ವ್ಯತ್ಯಾಸ ಅದೇ. ನಾಕಿಂಗ್ ಅಂದರೆ ಪಿಸ್ಟನ್ ತಲೆಗೆ ಸುತ್ತಿಗೆ ಏಟು. ಎರಕದ್ದಾದರೆ ರಿಂಗ್ ಕೂರುವ ಅಂಚು ಚೂರು ಚೂರಾಗುತ್ತದೆ. ಫೋರ್ಜ್ಡ್ ಪಿಸ್ಟನ್ ಕೆಲವು ಏಟು ತಾಳುತ್ತದೆ. ಕೆಲವು ಮಾತ್ರ, ಎಲ್ಲವನ್ನೂ ಅಲ್ಲ. ದಿನಾ ನಾಕಿಂಗ್ ಆಗುವ ಎಂಜಿನ್‌ನಲ್ಲಿ ಯಾವ ಪಿಸ್ಟನ್ನೂ ಉಳಿಯುವುದಿಲ್ಲ.

ಫೋರ್ಜ್ಡ್‌ನಲ್ಲೇ ಎರಡು ಮಿಶ್ರಲೋಹ ಇವೆ, 4032 ಮತ್ತು 2618. 4032ರಲ್ಲಿ ಸಿಲಿಕಾನ್ ಸುಮಾರು 12 ಶೇಕಡ. ಅದು ಬಿಸಿಗೆ ಕಡಿಮೆ ಹಿಗ್ಗುತ್ತದೆ, ಸವೆತವೂ ಕಡಿಮೆ. 2618ರಲ್ಲಿ ಸಿಲಿಕಾನ್ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಅದು ಏಟು ಹೆಚ್ಚು ತಾಳುತ್ತದೆ, ಆದರೆ ಜಾಸ್ತಿ ಹಿಗ್ಗುತ್ತದೆ. ಹಾಗಾಗಿ ಸಿಲಿಂಡರ್ ಗೋಡೆಗೂ ಅದಕ್ಕೂ ನಡುವೆ ಹೆಚ್ಚು ಜಾಗ ಬಿಡಬೇಕು, ಸುಮಾರು 0.08ರಿಂದ 0.10 ಮಿ.ಮೀ. ಬೆಳಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಪಿಸ್ಟನ್ ಗೋಡೆಗೆ ಬಡಿದು ಟಕಟಕ ಸದ್ದು ಬರುತ್ತದೆ. ಬಿಸಿಯಾದರೆ ನಿಲ್ಲುತ್ತದೆ. ಮೊದಲೇ ಹೇಳದಿದ್ದರೆ ಎಂಜಿನ್ ಹೋಯಿತು ಅಂತ ಮಾಲೀಕರು ಗಾಬರಿಯಾಗಿ ಫೋನ್ ಮಾಡುತ್ತಾರೆ. ದಿನಾ ಆಫೀಸಿಗೆ ಹೋಗುವ ಕಾರಿಗೆ ನಾನು 4032 ಹಾಕುತ್ತೇನೆ. ಟ್ರ್ಯಾಕ್‌ಗೆ ಅಂತಲೇ ಇಟ್ಟ, ಬೂಸ್ಟ್ ಜಾಸ್ತಿ ಇರುವ ಕಾರಿಗೆ 2618.

ಕಂಪ್ರೆಷನ್ ಎಷ್ಟು ಇಡಬೇಕು ಅನ್ನುವುದನ್ನು ಪೆಟ್ರೋಲ್ ಮತ್ತು ಗಾಳಿಯ ಬಿಸಿ ತೀರ್ಮಾನಿಸುತ್ತವೆ. ಹೊರಗೆ 30 ಡಿಗ್ರಿ ಇರುವ ಗಾಳಿಯನ್ನು 0.5 ಬಾರ್‌ಗೆ ಒತ್ತಿ, ಸೂಪರ್‌ಚಾರ್ಜರ್‌ನ ದಕ್ಷತೆ 65 ಶೇಕಡ ಅಂದುಕೊಂಡರೆ, ಹೊರಬರುವ ಗಾಳಿ 87 ಡಿಗ್ರಿ. ಈ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಇಲ್ಲದಿದ್ದರೆ ಅದೇ ಬಿಸಿ ಸೀದಾ ಸಿಲಿಂಡರ್‌ಗೆ. ಇಲ್ಲಿ ನಮಗೆ ಬಂಕಿನಲ್ಲಿ ಸಿಗುವ ಒಳ್ಳೆಯ ಪೆಟ್ರೋಲ್ 91 ಆಕ್ಟೇನ್. ಅಮೆರಿಕದವರು ಆಕ್ಟೇನ್ ಲೆಕ್ಕ ಹಾಕುವ ರೀತಿ ಬೇರೆ, ಭಾರತದ ಲೆಕ್ಕದಲ್ಲಿ ಅದು 95–96 ಆಗುತ್ತದೆ. ಈ ಪೆಟ್ರೋಲ್‌ಗೆ, ಇಂಟರ್‌ಕೂಲರ್ ಇದ್ದರೆ, ನಾನು ಕಂಪ್ರೆಷನ್ 9 ಸುತ್ತಮುತ್ತ ಇಡುತ್ತೇನೆ. 8.5ಕ್ಕಿಂತ ಇಳಿಸಿದರೆ ಬೂಸ್ಟ್ ಇಲ್ಲದಾಗ ಕಾರು ಮಂಕಾಗುತ್ತದೆ.

ಇನ್ನು ಮಷಿನ್ ಶಾಪ್ ಕೆಲಸ. ಹಣ ಉಳಿಸಬಾರದ ಜಾಗ ಇದು. ಬೋರ್ 83.5ಕ್ಕೆ ತೆಗೆದು ಹೋನಿಂಗ್ (ಗೋಡೆಯನ್ನು ನಯವಾಗಿ ಉಜ್ಜುವ ಕೆಲಸ) ಮಾಡುವಾಗ ಬ್ಲಾಕ್ ಮೇಲೆ ದಪ್ಪ ಟಾರ್ಕ್ ಪ್ಲೇಟ್ ಬಿಗಿದಿರಲೇಬೇಕು. ಹೆಡ್ ಬೋಲ್ಟ್ ಬಿಗಿದಾಗ ಸಿಲಿಂಡರ್ ಸೊಟ್ಟಗಾಗುತ್ತದೆ. ಪ್ಲೇಟ್ ಇಲ್ಲದೆ ದುಂಡಗೆ ಹೋನ್ ಮಾಡಿದ ಬೋರ್, ಹೆಡ್ ಕೂರಿಸಿದ ಮೇಲೆ ದುಂಡಗೆ ಇರುವುದಿಲ್ಲ. ರಿಂಗ್ ಎಷ್ಟೇ ಒಳ್ಳೆಯದಾದರೂ ಅಲ್ಲಿ ಗ್ಯಾಸ್ ಸೋರುತ್ತದೆ.

ಈ ಇಡೀ ಕೆಲಸದಲ್ಲಿ ಜಾಸ್ತಿ ಎಂಜಿನ್‌ಗಳನ್ನು ಕೊಲ್ಲುವುದು ರಿಂಗ್ ಗ್ಯಾಪ್. ರಿಂಗ್‌ನ ಎರಡು ತುದಿಗಳ ನಡುವಿನ ಸಂದು ಅದು. ಸಾಧಾರಣ ಎಂಜಿನ್‌ಗೆ ಮೇಲಿನ ರಿಂಗ್‌ಗೆ 0.15ರಿಂದ 0.30 ಮಿ.ಮೀ. ಇರುತ್ತದೆ. ಬೂಸ್ಟ್ ಬಂದಾಗ ರಿಂಗ್ ಸಿಲಿಂಡರ್ ಗೋಡೆಗಿಂತ ಬಹಳ ಬಿಸಿಯಾಗುತ್ತದೆ. ಲೆಕ್ಕ ಹಾಕಿ ನೋಡಿ: ಸುತ್ತಳತೆ ಸುಮಾರು 262 ಮಿ.ಮೀ., ಗೋಡೆಗಿಂತ 100 ಡಿಗ್ರಿ ಜಾಸ್ತಿ ಬಿಸಿಯಾದರೆ ರಿಂಗ್ 0.29 ಮಿ.ಮೀ. ಉದ್ದ ಬೆಳೆಯುತ್ತದೆ. ಸಂದು ಅಷ್ಟಿಲ್ಲದಿದ್ದರೆ ತುದಿಗಳು ಒಂದಕ್ಕೊಂದು ತಾಗುತ್ತವೆ. ಆಮೇಲೆ ಬೆಳೆಯಲು ಜಾಗ ಇಲ್ಲ, ರಿಂಗ್ ಗೋಡೆಯನ್ನು ಕೆರೆಯುತ್ತದೆ, ಪಿಸ್ಟನ್‌ನ ಅಂಚನ್ನೇ ಕಿತ್ತು ಹಾಕುತ್ತದೆ.

ಬೇರೆ ಕಡೆ ಕಟ್ಟಿಸಿದ ಒಂದು ಎಂಜಿನ್ ಹೀಗೇ ನಮ್ಮಲ್ಲಿಗೆ ಬಂತು. ದುಬಾರಿ ಪಿಸ್ಟನ್, ದುಬಾರಿ ರಾಡ್, ಎಲ್ಲವೂ ಹೊಸದು. ಮೂರನೇ ಸಿಲಿಂಡರ್ ಗೋಡೆ ಉದ್ದಕ್ಕೂ ಗೀರು. ರಿಂಗ್ ತೆಗೆದು ನೋಡಿದರೆ ಎರಡೂ ತುದಿ ಕನ್ನಡಿ ಥರ ಹೊಳೆಯುತ್ತಿದ್ದವು, ಒಂದಕ್ಕೊಂದು ಉಜ್ಜಿದ ಗುರುತು. ಪೆಟ್ಟಿಗೆಯಿಂದ ತೆಗೆದ ರಿಂಗನ್ನು ಸುಮ್ನೆ ಹಾಗೇ ಹಾಕಿದ್ದರು, ಫೈಲ್ ಮಾಡಿರಲಿಲ್ಲ. ಮಾಲೀಕನ ಒಂದು ವರ್ಷದ ಉಳಿತಾಯ ಅದು. ನನಗೆ ನಿಜಕ್ಕೂ ಹೊಟ್ಟೆ ಉರಿಯಿತು. ಬೂಸ್ಟ್ ಎಂಜಿನ್‌ಗೆ ನಾನು ಬೋರ್‌ನ ಪ್ರತಿ ಮಿ.ಮೀ.ಗೆ 0.0055 ಮಿ.ಮೀ. ಲೆಕ್ಕ ಹಿಡಿಯುತ್ತೇನೆ. 83.5ರ ಬೋರ್‌ಗೆ ಅದು 0.46 ಮಿ.ಮೀ. ಎರಡನೇ ರಿಂಗ್‌ಗೆ ಇನ್ನೂ ಸ್ವಲ್ಪ ಜಾಸ್ತಿ. ಸಂದು ದೊಡ್ಡದಾದರೆ ತುಸು ಗ್ಯಾಸ್ ಸೋರಬಹುದು, ಅಷ್ಟೇ. ಚಿಕ್ಕದಾದರೆ ಎಂಜಿನ್ ಹೋಗುತ್ತದೆ.

ಬೇರಿಂಗ್ ಸಂದಿಗೆ ಹಳೆಯ ಲೆಕ್ಕವೇ ಸಾಕು, ಜರ್ನಲ್ (ಬೇರಿಂಗ್ ಒಳಗೆ ತಿರುಗುವ ಕ್ರ್ಯಾಂಕ್ ಭಾಗ) ವ್ಯಾಸದ ಸಾವಿರದ ಒಂದು ಪಾಲು. 45 ಮಿ.ಮೀ. ರಾಡ್ ಜರ್ನಲ್‌ಗೆ 0.045. ಪ್ಲಾಸ್ಟಿಗೇಜ್ ಎಳೆ ಇಟ್ಟು ನೋಡುವುದಕ್ಕಿಂತ ಮೈಕ್ರೋಮೀಟರ್ ಮತ್ತು ಬೋರ್ ಗೇಜ್‌ನಲ್ಲಿ ಅಳೆಯಿರಿ.

ಆಯಿಲ್ ಪಂಪ್ ಮರೆಯಬೇಡಿ. ಬಿಪಿ ಎಂಜಿನ್‌ನಲ್ಲಿ ಪಂಪ್‌ನ ಗೇರ್ ಕ್ರ್ಯಾಂಕ್ ಮೂತಿಯ (ಮುಂದಿನ ತುದಿಯ) ಮೇಲೇ ಕೂರುತ್ತದೆ, ಅದು ಲೋಹದ ಪುಡಿ ಒತ್ತಿ ಮಾಡಿದ್ದು. ಆರ್‌ಪಿಎಂ ಏರಿಸಿ, ಕ್ರ್ಯಾಂಕ್ ಕಂಪನ ಜಾಸ್ತಿಯಾದರೆ ಒಡೆಯಬಹುದು. ಗಟ್ಟಿ ಉಕ್ಕಿನಲ್ಲಿ ಕೊರೆದು ಮಾಡಿದ ಗೇರ್ ಸಿಗುತ್ತದೆ, ಎಂಜಿನ್ ಬಿಚ್ಚಿರುವಾಗಲೇ ಹಾಕಿಸಿ. ಕಂಪನ ತಡೆಯುವ ರಬ್ಬರ್ ಪುಲ್ಲಿ ತೆಗೆದು ಹಗುರ ಅಲ್ಯೂಮಿನಿಯಂ ಪುಲ್ಲಿ ಹಾಕಬೇಡಿ. ಸೂಪರ್‌ಚಾರ್ಜರ್ ಬೆಲ್ಟ್‌ನ ಎಳೆತವೂ ಇದೇ ಮೂತಿಯ ಮೇಲೆ ಬೀಳುತ್ತದೆ, ಅಲ್ವಾ? 1990ರ ಮತ್ತು 1991ರ ಆರಂಭದ 1.6 ಎಂಜಿನ್‌ಗಳಲ್ಲಿ ಈ ಮೂತಿ ಗಿಡ್ಡ ಇತ್ತು, ಪುಲ್ಲಿ ಅಲ್ಲಾಡಿ ಕೀಲಿಯ ಜಾಗ ಸವೆಯುತ್ತಿತ್ತು. ಅಂಥ ಕ್ರ್ಯಾಂಕ್ ಇರುವ ಎಂಜಿನ್‌ಗೆ ನಾನು ಸೂಪರ್‌ಚಾರ್ಜರ್ ಹಾಕಿಕೊಡುವುದಿಲ್ಲ.

ಎಂಜಿನ್ ತಣಿಸುವ ನೀರಿನ ದಾರಿಯಲ್ಲೂ ಒಂದು ತೊಂದರೆ ಇದೆ. ಈ ಎಂಜಿನ್ ಮೊದಲು ಅಡ್ಡಡ್ಡ ಕೂರುವ ಮಾಜ್ದಾ 323ಗೆ ಮಾಡಿದ್ದು. ಅಲ್ಲಿ ನೀರು ಗೇರ್‌ಬಾಕ್ಸ್ ಕಡೆಯಿಂದ ಹೊರಗೆ ಬರುತ್ತಿತ್ತು. ಮಿಯಾಟಾದಲ್ಲಿ ಉದ್ದಕ್ಕೆ ಕೂರಿಸಿ, ಥರ್ಮೋಸ್ಟಾಟ್ ಮುಂದಕ್ಕೆ ತಂದರು. ಅದರಿಂದ ಹಿಂದಿನ ಸಿಲಿಂಡರ್‌ಗಳಿಗೆ ನೀರಿನ ಓಟ ಕಡಿಮೆ, ನಾಲ್ಕನೆಯದು ಜಾಸ್ತಿ ಬಿಸಿ. ಬೂಸ್ಟ್ ಹಾಕುವವರು ನೀರಿನ ಬಾಯಿಯನ್ನು ವಾಪಸ್ ಹಿಂದಕ್ಕೆ ತಿರುಗಿಸುವುದು ಒಳ್ಳೆಯದು.

ಊರಿನಿಂದ ಫೋನ್ ಮಾಡುವ ಹುಡುಗರು, ನಮ್ಮ ಕಾರಿಗೂ ಹೀಗೆ ಮಾಡಬಹುದಾ ಅಣ್ಣ ಅಂತ ಕೇಳುತ್ತಾರೆ. ಲೆಕ್ಕವೆಲ್ಲ ಇದೇ, ಎಂಜಿನ್ ಬದಲಾದರೆ ಸಂಖ್ಯೆ ಮಾತ್ರ ಬದಲು. ಆದರೆ ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ತಯಾರಕರು ಹೇಳಿದ್ದಕ್ಕಿಂತ ಬೇರೆಯಾಗಿ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿ ಮಾಡಿತು. ಕ್ಯಾಲಿಫೋರ್ನಿಯಾದಲ್ಲೂ ರಸ್ತೆಗೆ ಇಳಿಸಬೇಕಾದರೆ ಸೂಪರ್‌ಚಾರ್ಜರ್ ಕಿಟ್‌ಗೆ ರಾಜ್ಯದ ವಾಯು ಮಂಡಳಿಯ ಅನುಮತಿ ಸಂಖ್ಯೆ ಇರಲೇಬೇಕು. ಟ್ರ್ಯಾಕ್‌ಗೆ ಮಾತ್ರ ಓಡಿಸುವ ಕಾರಾದರೆ ಮಾಡಿ ಅನ್ನುತ್ತೇನೆ.

ಕಟ್ಟಿದ ಎಂಜಿನ್ನನ್ನು ಮೊದಲು ಸೂಪರ್‌ಚಾರ್ಜರ್ ಇಲ್ಲದೆ, ಕಂಪನಿಯ ಹಳೆಯ ಇನ್‌ಟೇಕ್ ಹಾಕಿ ಓಡಿಸಿ. ಸಿಂಥೆಟಿಕ್ ಬೇಡ, ಮಿನರಲ್ ಆಯಿಲ್. ಒಂದೇ ವೇಗದಲ್ಲಿ ಹೈವೇ ಓಡಿಸಬೇಡಿ, ಆಕ್ಸಿಲರೇಟರ್ ಒತ್ತಿ ಬಿಟ್ಟು ಮಾಡಿ, ರಿಂಗ್ ಗೋಡೆಗೆ ಹೊಂದಿಕೊಳ್ಳಲಿ. ಆಮೇಲೆ ಆಯಿಲ್ ಫಿಲ್ಟರ್ ಕತ್ತರಿಸಿ ಮಡಿಕೆಗಳನ್ನು ಬಿಡಿಸಿ ನೋಡಿ. ಮೊದಲ ಸಲ ಸಣ್ಣ ಹೊಳಪು ಪುಡಿ ಇರುವುದು ಸಹಜ. ತಾಮ್ರದ ಬಣ್ಣದ ಚೂರು ಕಂಡರೆ ಬೇರಿಂಗ್ ಮೇಲ್ಪದರ ಹೋಗಿದೆ, ಮುಂದೆ ಹೋಗಬೇಡಿ. ಎಲ್ಲ ಸರಿ ಇದ್ದರೆ ಸೂಪರ್‌ಚಾರ್ಜರ್ ಕೂರಿಸಿ, ಗಾಳಿ–ಪೆಟ್ರೋಲ್ ಅನುಪಾತ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಹಾಕಿ ಡೈನೋ ಮೇಲೆ ಟ್ಯೂನ್ ಮಾಡಿಸಿ. ಪೂರ್ತಿ ಬೂಸ್ಟ್‌ನಲ್ಲಿ ಗಾಳಿ–ಪೆಟ್ರೋಲ್ ಅನುಪಾತ 11.5ರ ಆಸುಪಾಸು ಇರಲಿ. ಟ್ಯೂನ್ ಮುಗಿದ ದಿನವೇ ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ ಭೂತಗನ್ನಡಿಯಲ್ಲಿ ಪಿಂಗಾಣಿ ನೋಡಿ. ಬೂದು ಬಣ್ಣದ ಸಣ್ಣ ಚುಕ್ಕೆಗಳು ಅಂಟಿದ್ದರೆ ಅದು ಪಿಸ್ಟನ್‌ನ ಅಲ್ಯೂಮಿನಿಯಂ. ಕಾರು ಮನೆಗೆ ತರಬೇಡಿ, ಅಲ್ಲೇ ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ತರಿಸಿ, ಹೊಸ ಪ್ಲಗ್ ಹಾಕಿ ಇನ್ನೊಮ್ಮೆ ಓಡಿಸಿ ನೋಡಿ.