ಬ್ಯಾಡ್ಜ್‌ನಲ್ಲಿ ಸೊನ್ನೆ, ಮೂತ್ರದಲ್ಲಿ ಟ್ರಿಟಿಯಂ: ಇದು ಹೇಗೆ?

ಪ್ರಶ್ನೆ: ಭಾರಜಲ ರಿಯಾಕ್ಟರಿನಲ್ಲಿ ಮಾಡರೇಟರ್ (ನ್ಯೂಟ್ರಾನ್‌ಗಳ ವೇಗ ತಗ್ಗಿಸುವ ಭಾರಜಲ) ಪಂಪಿನ ಸೀಲ್ ಬದಲಿಸಿದೆವು. ಮಾಸ್ಕ್ ಹಾಕಿದ್ದೆವು, ವಿಕಿರಣ ಅಳೆಯಲು ಮೈಮೇಲೆ ಧರಿಸುವ ಬ್ಯಾಡ್ಜ್ ಏನೂ ತೋರಿಸಲಿಲ್ಲ. ಆದರೂ ಮೂತ್ರದಲ್ಲಿ ಟ್ರಿಟಿಯಂ (ವಿಕಿರಣಶೀಲ ಹೈಡ್ರೋಜನ್) ಸಿಕ್ಕಿತು. ಎಲ್ಲಿ ಎಡವಿದೆವು?

ಉತ್ತರ: ಬ್ಯಾಡ್ಜ್ ಕೆಟ್ಟಿಲ್ಲ. ಟ್ರಿಟಿಯಂನ ಬೀಟಾ ಕಣಕ್ಕಿರುವ ಶಕ್ತಿ ಹೆಚ್ಚೆಂದರೆ 18.6 ಕಿಲೋ ಎಲೆಕ್ಟ್ರಾನ್‌ವೋಲ್ಟ್. ಗಾಳಿಯಲ್ಲಿ ಸುಮಾರು 6 ಮಿಲಿಮೀಟರಿಗೇ ಅದು ನಿಂತುಬಿಡುತ್ತದೆ. ಬ್ಯಾಡ್ಜ್‌ಗೆ ಅದು ಕಾಣುವುದೇ ಇಲ್ಲ. ಕೆಡುಕಾಗುವುದು ಟ್ರಿಟಿಯಂ ಮೈಯೊಳಗೆ ಸೇರಿದಾಗ, ಸೇರುವುದು ನೀರಾವಿಯಾಗಿ.

ನಿಮ್ಮದು ಇದ್ದಿಲಿನ ಕಾರ್ಟ್ರಿಡ್ಜ್ ಮಾಸ್ಕ್ ಆಗಿದ್ದರೆ, ಆವಿ ಅದರ ಮೂಲಕ ನುಗ್ಗಿರುತ್ತದೆ. ಹೊರಗಿನಿಂದ ಗಾಳಿ ಪೂರೈಸುವ ಮಾಸ್ಕ್ ಆದರೂ ಅರ್ಧ ಕೆಲಸವಷ್ಟೇ: ಒಟ್ಟು ಸೇರ್ಪಡೆಯಲ್ಲಿ ಮೂರನೆಯ ಒಂದು ಪಾಲು ಚರ್ಮದ ಮೂಲಕವೇ ಬರುತ್ತದೆ. ಇಂಥ ಕೆಲಸಕ್ಕೆ ಮೈಯೆಲ್ಲ ಮುಚ್ಚುವ, ಗಾಳಿ ಕೊಳವೆಯಿರುವ ಪ್ಲಾಸ್ಟಿಕ್ ಸೂಟೇ ಬೇಕು. ಕೈಗವಸಿನ ರಬ್ಬರಿನೊಳಗೂ ಆವಿ ಮೆಲ್ಲಗೆ ಇಳಿಯುವುದರಿಂದ ಎರಡು ಜೊತೆ ಹಾಕಿ, ಹೊರಗಿನದನ್ನು ಆಗಾಗ ಬದಲಿಸಬೇಕು.

ಹೆಚ್ಚಿನ ಎಡವಟ್ಟು ಆಗುವುದು ಫ್ಲ್ಯಾಂಜ್ (ಪೈಪುಗಳನ್ನು ಬೋಲ್ಟಿನಿಂದ ಜೋಡಿಸುವ ಅಂಚು) ಬಿಚ್ಚುವ ಗಳಿಗೆಯಲ್ಲಿ. ಬರಿದು ಮಾಡಿದ ಮೇಲೂ ಪೈಪಿನ ತಗ್ಗಿನಲ್ಲಿ, ಸೀಲಿನ ಗೂಡಿನಲ್ಲಿ ನೀರು ಉಳಿದಿರುತ್ತದೆ. ಕೆ.ಜಿ.ಗೆ 1 ಟೆರಾಬೆಕೆರೆಲ್ (ಬೆಕೆರೆಲ್ ವಿಕಿರಣಶೀಲತೆಯ ಅಳತೆ) ಟ್ರಿಟಿಯಂ ಇರುವ ಮಾಡರೇಟರಿನ ಒಂದೇ ಮಿಲಿಲೀಟರ್ 100 ಘನಮೀಟರಿನ ಕೋಣೆಯಲ್ಲಿ ಆವಿಯಾಯಿತೆನ್ನಿ: ರಕ್ಷಣೆಯಿಲ್ಲದೆ ಒಂದು ತಾಸು ನಿಂತವರಿಗೆ ಸುಮಾರು 0.3 ಮಿಲಿಸೀವರ್ಟ್ ಡೋಸ್ (ಮೈಗೆ ತಾಗುವ ವಿಕಿರಣದ ಅಳತೆ). ಒಂದೆರಡು ಹನಿಯೆಂದು ಬಿಡುವಂತಿಲ್ಲ. ಹಾಗಾಗಿ ಮೊದಲು ಒಣಗಾಳಿ ಹಾಯಿಸಿ ಒಳಗನ್ನು ಒಣಗಿಸಿ; ಜೋಡಣೆಯ ಕೆಳಗೆ ಟ್ರೇ, ಪಕ್ಕದಲ್ಲೇ ಆವಿ ಹೀರುವ ಡಕ್ಟ್ ಇಡಿ. ಚೆಲ್ಲಿದರೆ ತಕ್ಷಣ ಒರೆಸಿ, ಒರೆಸಿದ ಬಟ್ಟೆಯನ್ನು ಕೂಡಲೇ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ತೆರೆದಿಟ್ಟ ಒದ್ದೆ ಬಟ್ಟೆಯೂ ಆವಿ ಬಿಡುತ್ತಲೇ ಇರುತ್ತದೆ. ಗಾಳಿಯಲ್ಲಿರುವ ಟ್ರಿಟಿಯಂ ಅನ್ನು ಫ್ಲ್ಯಾಂಜ್ ಬಿಚ್ಚುವ ಮೊದಲು ಅಳೆದರೆ ಸಾಲದು, ಬಿಚ್ಚಿದ ಮೇಲೂ ಅಳೆಯಬೇಕು. ಗ್ಯಾಮಾ ಹೆಚ್ಚಿರುವಲ್ಲಿ ಮಾನಿಟರ್ ಹುಸಿ ಅಂಕಿ ತೋರಿಸಬಹುದು, ಬಬ್ಲರ್ (ಗಾಳಿಯನ್ನು ನೀರಿನೊಳಗೆ ಹಾಯಿಸಿ ಆವಿ ಹಿಡಿಯುವ ಸಾಧನ) ಮಾದರಿಯಿಂದ ತಾಳೆ ನೋಡಿ.

ಸೂಟ್ ಕಳಚುವುದು ಆವಿಯಿಲ್ಲದ ಜಾಗದಲ್ಲಿ, ಅಲ್ಲಿಯವರೆಗೆ ಕೊಳವೆಯ ಗಾಳಿ ನಿಲ್ಲಕೂಡದು.

ಮೂತ್ರದ ಮಾದರಿಗೂ ಒಂದು ಕ್ರಮವಿದೆ. ಕೆಲಸ ಮುಗಿದೊಡನೆ ಒಮ್ಮೆ ಮೂತ್ರಕ್ಕೆ ಹೋಗಿ ಬಂದು, ಸುಮಾರು ಎರಡು ತಾಸಿನ ನಂತರದ್ದನ್ನು ಕೊಡಿ; ಆ ಹೊತ್ತಿಗೆ ಟ್ರಿಟಿಯಂ ಮೈಯ ನೀರಿನಲ್ಲೆಲ್ಲ ಬೆರೆತಿರುತ್ತದೆ. ಲೀಟರಿಗೆ 1 ಮೆಗಾಬೆಕೆರೆಲ್ ಬಂದರೆ, 42 ಲೀಟರ್ ದೇಹಜಲದ ಲೆಕ್ಕದಲ್ಲಿ ಒಟ್ಟು ಡೋಸ್ ಸುಮಾರು 0.75 ಮಿಲಿಸೀವರ್ಟ್. ಸುಮಾರು 10 ದಿನಕ್ಕೆ ಮೈಯಲ್ಲಿರುವ ಟ್ರಿಟಿಯಂ ಅರ್ಧಕ್ಕಿಳಿಯುತ್ತದೆ. ವೈದ್ಯರ ಸಲಹೆಯಂತೆ ಹೆಚ್ಚು ನೀರು ಕುಡಿದರೆ ಇನ್ನೂ ಬೇಗ ಹೊರಹೋಗುತ್ತದೆ.