ಇಷ್ಟು ಹತ್ತಿರದ ಕಡಲು ಬಿಟ್ಟು ಕಾವೇರಿ ಅಷ್ಟು ದೂರ ಯಾಕೆ ಹೋಗುತ್ತದೆ?

ಪ್ರಶ್ನೆ: ತಲಕಾವೇರಿಯಿಂದ ಕಾಸರಗೋಡು ಕಡೆಯ ಸಮುದ್ರ ತುಂಬಾ ಹತ್ತಿರ. ಆದರೂ ಕಾವೇರಿ ಅತ್ತ ಹೋಗದೆ ಬಂಗಾಳ ಕೊಲ್ಲಿಯವರೆಗೆ ಯಾಕೆ ಹರಿಯುತ್ತದೆ? ಅಗಸ್ತ್ಯರ ಕಥೆ ಬಿಟ್ಟು ಬೇರೆ ಕಾರಣ ಇದೆಯಾ?

ಇದೆ. ಮ್ಯಾಪ್ ಬಿಡಿಸಿ ನೋಡಿದ ಯಾರಿಗಾದರೂ ಈ ಪ್ರಶ್ನೆ ಬರಲೇಬೇಕು. ತಲಕಾವೇರಿಯಿಂದ ಪಶ್ಚಿಮಕ್ಕೆ ನೇರ ಗೆರೆ ಎಳೆದರೆ ಅರಬ್ಬಿ ಸಮುದ್ರ ಸುಮಾರು 50 ಕಿಲೋಮೀಟರ್ ಅಷ್ಟೆ. ಕಾವೇರಿ ಮಾತ್ರ ಅದಕ್ಕೆ ಬೆನ್ನು ಹಾಕಿ ಸುಮಾರು 800 ಕಿಲೋಮೀಟರ್ ಹರಿದು, ತಮಿಳುನಾಡಿನ ಪೂಂಪುಹಾರ್ ಹತ್ತಿರ ಕಡಲು ಸೇರುತ್ತದೆ.

ನೀರು ಹತ್ತಿರದ ಸಮುದ್ರವನ್ನು ಹುಡುಕಿಕೊಂಡು ಹೋಗುವುದಿಲ್ಲ. ನೆಲ ಎತ್ತ ವಾಲಿದೆಯೋ ಅತ್ತ ಹೋಗುತ್ತದೆ, ಅಷ್ಟೆ. ತಲಕಾವೇರಿಯ ಕುಂಡಿಕೆ, ಅಂದರೆ ನದಿ ಹುಟ್ಟುವ ಪುಟ್ಟ ಕೊಳ, ಇರುವುದು ಬ್ರಹ್ಮಗಿರಿಯ ಮಗ್ಗುಲಲ್ಲಿ, ಅದೂ ಭಾಗಮಂಡಲದ ಕಡೆಗೆ ಇಳಿಯುವ ಮಗ್ಗುಲಲ್ಲಿ. ಅಲ್ಲಿಂದ ಪಶ್ಚಿಮಕ್ಕೆ ಹೋಗಬೇಕೆಂದರೆ ನೀರು ಮೊದಲು ಬೆಟ್ಟ ಹತ್ತಬೇಕು.

ಹಾಗಾದರೆ ನೆಲ ಪೂರ್ವಕ್ಕೇ ಯಾಕೆ ವಾಲಿದೆ? ಅಸಲು ವಿಷಯ ಇದು.

ಮಂಗಳೂರಿನ ಕಡೆಯಿಂದ ನೋಡಿದರೆ ಪಶ್ಚಿಮ ಘಟ್ಟ ದೊಡ್ಡ ಗೋಡೆಯ ಹಾಗೆ ಕಾಣುತ್ತದೆ. ಮೈಸೂರಿನ ಕಡೆಯಿಂದ ಬಂದರೆ ಆ ಗೋಡೆಯೇ ಇಲ್ಲ. ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ ಅಂತ ನೆಲ ನಿಧಾನವಾಗಿ ಏರುತ್ತಾ ಬರುತ್ತದೆ. ಘಟ್ಟ ಹಿಮಾಲಯದ ಹಾಗೆ ಮಡಿಕೆ ಬಿದ್ದು ಎದ್ದ ಬೆಟ್ಟವಲ್ಲ. ಅದು ದಖನ್ ಪ್ರಸ್ಥಭೂಮಿಯ ಎತ್ತರದ ಅಂಚು. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಬಿರುಕು ಬಿಟ್ಟು ದೂರ ಸರಿಯಿತು. ಒಡೆದ ಕಡೆಯ ಅಂಚು ಮೇಲೆದ್ದಿತು, ಒಟ್ಟು ನೆಲ ಪೂರ್ವಕ್ಕೆ ವಾಲಿತು. ಹೆಂಚಿನ ಮನೆಯ ಮಾಡನ್ನು ನೆನೆಸಿಕೊಳ್ಳಿ: ಒಂದು ಬದಿ ಗಿಡ್ಡ, ಕಡಿದಾದ ಇಳಿಜಾರು, ಇನ್ನೊಂದು ಬದಿ ಉದ್ದಕ್ಕೆ ಸಾವಕಾಶವಾಗಿ ಇಳಿದಿದೆ. ಮಳೆಹನಿ ಬೆನ್ನಿನ ಯಾವ ಬದಿಗೆ ಬಿತ್ತು ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಲೆಕ್ಕ ನೋಡಿ. ತಲಕಾವೇರಿ 1,200 ಮೀಟರಿಗಿಂತ ಎತ್ತರದಲ್ಲಿದೆ. ಪಶ್ಚಿಮದ ಬದಿಯ ಸುಳ್ಯ 150 ಮೀಟರ್ ಕೂಡ ಇಲ್ಲ. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದವರ ಕಿವಿಗೆ ಇದು ಚೆನ್ನಾಗಿ ಗೊತ್ತು! ಪೂರ್ವದ ಕಡೆ ಕುಶಾಲನಗರ ಸುಮಾರು 830 ಮೀಟರ್, ಇನ್ನೂ ಮುಂದಿರುವ ಮೈಸೂರು ಸುಮಾರು 760. ಅಂದರೆ ಭಾಗಮಂಡಲ ದಾಟಿದ ಮೇಲೆ ಕಾವೇರಿಗೆ ಅವಸರವೇ ಇಲ್ಲ. ಶಿವನಸಮುದ್ರದಲ್ಲಿ 90 ಮೀಟರಿಗೂ ಜಾಸ್ತಿ ಧುಮುಕುವವರೆಗೆ ಅದು ಹೆಚ್ಚು ಕಡಿಮೆ ಅಡ್ಡಾಡಿಕೊಂಡೇ ಹೋಗುತ್ತದೆ.

ಇದು ಕಾವೇರಿಯೊಂದರ ಕಥೆಯಲ್ಲ. ಮಹಾಬಲೇಶ್ವರದ ಕೃಷ್ಣೆ, ತ್ರ್ಯಂಬಕದ ಗೋದಾವರಿ ಕೂಡ ಅರಬ್ಬಿ ಸಮುದ್ರದ ಮಗ್ಗುಲಲ್ಲೇ ಹುಟ್ಟಿ ಬಂಗಾಳ ಕೊಲ್ಲಿಗೆ ಹೋಗುತ್ತವೆ.

ಇಲ್ಲಿ ಒಂದು ತಪ್ಪು ತಿಳುವಳಿಕೆ ಇದೆ. ಕೊಡಗಿನಲ್ಲಿ ಬಿದ್ದ ಮಳೆಯೆಲ್ಲ ಕಾವೇರಿಗೇ ಸೇರುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಇಲ್ಲ. ಅದೇ ಬೆಟ್ಟಗಳ ಇನ್ನೊಂದು ಮಗ್ಗುಲಿನ ನೀರು ಪಯಸ್ವಿನಿಯಾಗಿ ಸುಳ್ಯದ ಮೇಲೆ ಹಾದು, ಚಂದ್ರಗಿರಿ ಹೊಳೆ ಅನ್ನಿಸಿಕೊಂಡು ಕಾಸರಗೋಡಿನಲ್ಲಿ ಕಡಲು ಸೇರುತ್ತದೆ. ದಕ್ಷಿಣ ಕೊಡಗಿನ ಬರಪೊಳೆ ಕೇರಳಕ್ಕೆ ಇಳಿಯುತ್ತದೆ. ಪುಷ್ಪಗಿರಿ ಕಡೆಯ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರುತ್ತದೆ. ಕುದುರೆಮುಖದ ಗಂಗಾಮೂಲವಂತೂ ಇನ್ನೂ ಸ್ವಾರಸ್ಯ. ಅಲ್ಲೇ ಹುಟ್ಟುತ್ತವೆ ಅಂತ ಹೇಳುವ ಮೂರು ನದಿಗಳಲ್ಲಿ ತುಂಗೆ, ಭದ್ರೆ ಪೂರ್ವಕ್ಕೆ ಹೋದರೆ ನೇತ್ರಾವತಿ ಪಶ್ಚಿಮಕ್ಕೆ.

ಕಥೆ ಬಿಟ್ಟು ಉತ್ತರ ಹೇಳಿ ಅಂದಿದ್ದೀರಿ. ಆದರೆ ನನಗೆ ಕಥೆ ಬಿಡಲು ಮನಸ್ಸಿಲ್ಲ. ಯಾಕೆಂದರೆ ಈ ನದಿ ನಿಂತಲ್ಲಿ ನಿಲ್ಲದೆ ಹೋಗಿಬಿಟ್ಟಿತು ಅನ್ನುವುದನ್ನು ಕಥೆ ಕಟ್ಟಿದವರು ಚೆನ್ನಾಗಿಯೇ ಗಮನಿಸಿದ್ದಾರೆ. ಅಗಸ್ತ್ಯರು ಕಮಂಡಲದಲ್ಲಿ ಇಟ್ಟರೂ ಕಾವೇರಿ ಅಲ್ಲಿಂದ ಜಾರಿಕೊಳ್ಳುತ್ತಾಳೆ. ತಮಿಳರ ಕಥೆಯಲ್ಲಿ ಗಣಪತಿ ಕಾಗೆಯಾಗಿ ಬಂದು ಕಮಂಡಲ ಉರುಳಿಸುತ್ತಾನೆ. ಕೊಡಗಿನ ಬಲಮುರಿಯಲ್ಲಿ ಜನ ಅವಳನ್ನು ತಡೆಯಲು ನಿಲ್ಲುತ್ತಾರೆ. ನೀರಿನ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಸರಿಯುತ್ತದೆ. ಕೊಡವ ಹೆಂಗಸರು ಇವತ್ತಿಗೂ ನೆರಿಗೆ ಹಿಂದೆ ಹಾಕಿ ಸೀರೆ ಉಡುವುದಕ್ಕೆ ಅಲ್ಲಿ ಹೇಳುವ ಕಾರಣ ಇದೇ. ಮೂರರಲ್ಲಿ ನನಗೆ ಇದೇ ಜಾಸ್ತಿ ಇಷ್ಟ. ತವರಿನವರು ಬೇಡ ಅಂದರೂ ಹೊರಟ ಮಗಳ ಕಥೆ ಅದು, ಅಲ್ವಾ?

ಹೊರಟಿದ್ದರಿಂದ ಏನಾಯಿತು ಅನ್ನುವುದು ಹಬ್ಬಗಳಲ್ಲಿ ಕಾಣುತ್ತದೆ. ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ. ಭಾಗಮಂಡಲದಲ್ಲಿ ಅದರ ಐದು ಪಟ್ಟಿಗೂ ಜಾಸ್ತಿ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ತಂಜಾವೂರಿನ ಕಡೆ ದೊಡ್ಡ ಮಳೆ ಬರುವುದು ಅಕ್ಟೋಬರ್ ನಂತರ, ಹಿಂಗಾರಿನಲ್ಲಿ. ಅಂದರೆ ಆಗಸ್ಟ್ ಹೊತ್ತಿಗೆ ಅಲ್ಲಿನ ಗದ್ದೆಗೆ ಬರುವ ನೀರು ಬಹುಪಾಲು ಇಲ್ಲಿನ ಮಳೆಯದು. ಅವರ ಆಡಿ ತಿಂಗಳ 18ನೇ ದಿನ, ಆಗಸ್ಟ್ ಮೊದಲ ವಾರದಲ್ಲಿ, ಆಡಿಪೆರುಕ್ಕು ಹಬ್ಬ ಮಾಡಿ ತುಂಬಿದ ಹೊಳೆಗೆ ಪೂಜೆ ಸಲ್ಲಿಸುತ್ತಾರೆ. ತಮ್ಮೂರಲ್ಲಿ ಮಳೆ ಬರುವ ಮೊದಲೇ ಹೊಳೆ ತುಂಬಿದ್ದಕ್ಕೆ! ಕೊಡಗಿನಲ್ಲಿ ಹಬ್ಬ ಬರುವುದು ಮುಂಗಾರು ಮುಗಿಯುವ ಹೊತ್ತಿಗೆ, ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣಕ್ಕೆ. ಆಗ ಕುಂಡಿಕೆಯಲ್ಲಿ ತೀರ್ಥೋದ್ಭವ. ಒಂದೇ ನೀರಿಗೆ ಎರಡು ಕ್ಯಾಲೆಂಡರ್.

ಕಾವೇರಿ ಪಶ್ಚಿಮಕ್ಕೇ ಹೋಗಿದ್ದರೆ? ಅಲ್ಲಿನ ಮಿಕ್ಕ ಹೊಳೆಗಳ ಹಾಗೆ ಚಿಕ್ಕದಾಗಿ, ಜೋರಾಗಿ ಹರಿದು ಅಳಿವೆಯಲ್ಲಿ ಮುಗಿದುಹೋಗುತ್ತಿತ್ತು. ಪಶ್ಚಿಮ ಕರಾವಳಿಯ ಹೊಳೆಗಳು ದೊಡ್ಡ ಮುಖಜಭೂಮಿ ಕಟ್ಟಿಲ್ಲ. ತಂಜಾವೂರಿನ ಭತ್ತದ ಬಯಲು ಕಾವೇರಿ ಹೊತ್ತು ತಂದು ಹಾಕಿದ ಮಣ್ಣು. ಕರಿಕಾಲ ಚೋಳ ಕಟ್ಟಿಸಿದ ಅಂತ ಹೇಳುವ ಕಲ್ಲಣೈ ಅಣೆಕಟ್ಟು ಅಲ್ಲೇ ಇದೆ. ಶ್ರೀರಂಗಪಟ್ಟಣ, ಶಿವನಸಮುದ್ರ, ಶ್ರೀರಂಗಂ, ಈ ಮೂರು ದ್ವೀಪಗಳ ರಂಗನಾಥರು, ಅಂದರೆ ಆದಿರಂಗ, ಮಧ್ಯರಂಗ, ಅಂತ್ಯರಂಗರೂ ಇರುತ್ತಿರಲಿಲ್ಲ. ಶಿವನಸಮುದ್ರದಲ್ಲಿ ವಿದ್ಯುತ್ ತಯಾರಿಸಿ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕಳಿಸಲೂ ಆಗುತ್ತಿರಲಿಲ್ಲ. ಹಾಂ, ನೀರು ಹಂಚಿಕೆಗೆ ಮೈಸೂರು, ಮದ್ರಾಸ್ ಮಾಡಿಕೊಂಡ 1892 ಮತ್ತು 1924ರ ಒಪ್ಪಂದಗಳೂ, ಆಮೇಲಿನ ಕೋರ್ಟು ಕಚೇರಿಯೂ ಇರುತ್ತಿರಲಿಲ್ಲ. ಅದು ಬೇರೆಯೇ ದೊಡ್ಡ ವಿಷಯ, ಇಲ್ಲಿ ಬೇಡ.

ಮುಂದೆ ಯಾವತ್ತಾದರೂ ಕಾವೇರಿ ಪಶ್ಚಿಮಕ್ಕೆ ತಿರುಗಬಹುದಾ ಅಂತಲೂ ಕೆಲವರು ಕೇಳುತ್ತಾರೆ. ಸುಮ್ನೆ ತಮಾಷೆಯ ಪ್ರಶ್ನೆ ಅಲ್ಲ. ಪಶ್ಚಿಮದ ಹೊಳೆಗಳು ಕಡಿದಾದ ಇಳಿಜಾರಿನಲ್ಲಿ ರಭಸವಾಗಿ ಹರಿಯುವುದರಿಂದ ಘಟ್ಟದ ಬಂಡೆಯನ್ನು ಸ್ವಲ್ಪ ಸ್ವಲ್ಪವೇ ಕೊರೆಯುತ್ತಾ ಹಿಂದಕ್ಕೆ, ಅಂದರೆ ಪೂರ್ವಕ್ಕೆ, ತಿನ್ನುತ್ತಾ ಬರುತ್ತವೆ. ಹಾಗೆ ತಿನ್ನುತ್ತಾ ಬಂದು ಪೂರ್ವದ ಹಳ್ಳವೊಂದನ್ನು ಮುಟ್ಟಿದರೆ ಅದರ ನೀರು ಈ ಕಡೆ ಇಳಿದುಬಿಡುತ್ತದೆ. ಪ್ರಪಂಚದಲ್ಲಿ ಎಷ್ಟೋ ನದಿಗಳಿಗೆ ಹೀಗಾಗಿದೆ. ಆದರೆ ಇದು ಲಕ್ಷಾಂತರ ವರ್ಷಗಳ ಕೆಲಸ. ಹಾಗೇನಾದರೂ ಆದರೂ ಕಾವೇರಿ ಇಡೀ ನದಿಯಾಗಿ ತಿರುಗುವುದಿಲ್ಲ, ತಲೆಯ ಕಡೆಯ ಒಂದಷ್ಟು ತೊರೆಗಳು ಮಾತ್ರ ಕೈತಪ್ಪಬಹುದು. ಹೇಮಾವತಿ, ಕಬಿನಿ, ಭವಾನಿ, ಅಮರಾವತಿ ಎಲ್ಲ ಆಗಲೂ ಪೂರ್ವಕ್ಕೇ ಹರಿಯುತ್ತಿರುತ್ತವೆ.