ಮೊದಲ ಮಿಡಿ ಕೀಬೋರ್ಡ್: ಪ್ಯಾಡ್ ಎಣಿಸುವ ಮೊದಲು ವೀಲ್ ನೋಡಿ

ಮಿಡಿ ಕೀಬೋರ್ಡಿಗೆ ಸ್ವಂತ ಸ್ವರ ಇಲ್ಲ. ಅದರೊಳಗೆ ಸ್ಪೀಕರ್ ಇಲ್ಲ, ಪಿಯಾನೋ ಇಲ್ಲ, ಕೊಳಲೂ ಇಲ್ಲ. ಕೀ ಒತ್ತಿದಾಗ ಅದು ಕಂಪ್ಯೂಟರಿಗೆ ತಿಳಿಸುವುದು ಇಷ್ಟೇ: ಯಾವ ಕೀ ಒತ್ತಿದರು, ಎಷ್ಟು ಜೋರಾಗಿ ಒತ್ತಿದರು, ಯಾವಾಗ ಬಿಟ್ಟರು. ಸದ್ದು ಬರುವುದು ಕಂಪ್ಯೂಟರಿನಲ್ಲಿರುವ ಸಾಫ್ಟ್‌ವೇರಿನಿಂದ. ಕಾಸರಗೋಡಿನ ನನ್ನ ಸ್ಟುಡಿಯೋಗೆ ಬರುವ ಹೆತ್ತವರಿಗೆ ಮೊದಲು ಇದನ್ನೇ ಹೇಳುತ್ತೇನೆ. ಯಾಕಂದ್ರೆ ಹೆಚ್ಚಿನವರ ಮೊದಲ ಪ್ರಶ್ನೆಯೇ "ಇದರ ಸೌಂಡ್ ಹೇಗುಂಟು ಮಾಷ್ಟ್ರೇ?" ಎನ್ನುವುದು.

ಹೊಸದು ಕೊಳ್ಳುವ ಮೊದಲು ಮನೆಯ ಅಟ್ಟ ನೋಡಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಕ್ಕಳಿಗೆಂದು ತಂದ ಯಮಹಾ ಅಥವಾ ಕ್ಯಾಸಿಯೋ ಇರುತ್ತದೆ. ಅದರ ಹಿಂದೆ ಪ್ರಿಂಟರಿಗೆ ಹಾಕುವಂಥ ಚೌಕದ ಯುಎಸ್‌ಬಿ ಕಿಂಡಿ ಇದ್ದರೆ, ಅದೇ ನಿಮ್ಮ ಮಿಡಿ ಕೀಬೋರ್ಡ್ ಆಗಬಹುದು. ವಿಂಡೋಸ್ ಇದ್ದರೆ ಕೆಲವು ಮಾದರಿಗಳಿಗೆ ಕಂಪನಿಯ ಡ್ರೈವರ್ ಹಾಕಿಕೊಳ್ಳಬೇಕಾಗುತ್ತದೆ. ಒತ್ತಿದಾಗ ಎರಡೆರಡು ಸದ್ದು ಬಂದರೆ ಗಾಬರಿ ಬೇಡ. ಒಂದು ಕೀಬೋರ್ಡಿನದು, ಇನ್ನೊಂದು ಕಂಪ್ಯೂಟರಿನದು. ಕೀಬೋರ್ಡಿನ ಸೆಟ್ಟಿಂಗಿನಲ್ಲಿ ಲೋಕಲ್ ಕಂಟ್ರೋಲ್ ಅಂತ ಇರುತ್ತದೆ, ಅದನ್ನು ಆಫ್ ಮಾಡಿ. ಮೆಲ್ಲ ಒತ್ತಿದಾಗ ಮೆಲ್ಲ, ಜೋರು ಒತ್ತಿದಾಗ ಜೋರು ಬರುತ್ತದೆಯೇ ಎಂದೂ ಪರೀಕ್ಷಿಸಿ. ಬರದಿದ್ದರೆ ಆ ಕೀಬೋರ್ಡು ಈ ಕೆಲಸಕ್ಕೆ ಆಗುವುದಿಲ್ಲ.

ಈಗ ಹೊಸದರ ವಿಷಯ. ಜಾಹೀರಾತುಗಳಲ್ಲಿ ಎದ್ದು ಕಾಣುವುದು ಬೆರಳಿನಿಂದ ತಟ್ಟುವ, ಬಣ್ಣದ ದೀಪ ಬೆಳಗುವ ಪ್ಯಾಡುಗಳು, ತಿರುಗಿಸುವ ನಾಬುಗಳು. ನಾನು ಮೊದಲು ನೋಡುವುದು ಎಡ ಮೂಲೆಯ ಪಿಚ್ ವೀಲನ್ನು, ಅಂದರೆ ಒತ್ತಿದ ಸ್ವರವನ್ನು ಮೇಲೆ ಕೆಳಗೆ ಜಾರಿಸುವ ಚಕ್ರವನ್ನು. ನಮ್ಮ ಹಾಡುಗಳಿಗೆ ಅದೇ ಮುಖ್ಯ. ಭಜನೆ ಇರಲಿ, ಭಾವಗೀತೆ ಇರಲಿ, ಮಾಪಿಳ್ಳೆಪಾಟ್ಟೇ ಇರಲಿ, ಸ್ವರಗಳು ಮೆಟ್ಟಿಲು ಹತ್ತಿದ ಹಾಗೆ ಒಂದೊಂದೇ ನಿಲ್ಲುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ಜಾರುತ್ತವೆ, ಅಲುಗುತ್ತವೆ. ಕೀಲಿಮಣೆಯಲ್ಲಿ ಅದನ್ನು ಮಾಡಲು ಇರುವ ಸುಲಭದ ದಾರಿ ಈ ವೀಲ್ ಒಂದೇ.

ತೋಡಿ ರಾಗವನ್ನೇ ತೆಗೆದುಕೊಳ್ಳಿ. ಅದರ ಗಾಂಧಾರ ಒಂದೇ ಕಡೆ ನಿಂತರೆ ಅದು ತೋಡಿಯೇ ಅಲ್ಲ. ಕೆಳಗೆ ಶುದ್ಧ ರಿಷಭದ ಕಡೆಗೂ ಮೇಲೆ ಶುದ್ಧ ಮಧ್ಯಮದ ಕಡೆಗೂ ತೂಗಬೇಕು. ಕೀಲಿಮಣೆಯಲ್ಲಿ ಲೆಕ್ಕ ಹಾಕಿದರೆ ಗಾಂಧಾರದಿಂದ ರಿಷಭಕ್ಕೆ 2 ಕೀ ಕೆಳಗೆ, ಮಧ್ಯಮಕ್ಕೆ 2 ಕೀ ಮೇಲೆ. ಸಾಮಾನ್ಯವಾಗಿ ಪಿಚ್ ವೀಲಿನ ವ್ಯಾಪ್ತಿಯೂ ಮೇಲೆ 2, ಕೆಳಗೆ 2. ಹಾಗಾಗಿ ಏನನ್ನೂ ಬದಲಿಸದೆ ಬಲಗೈಯಲ್ಲಿ ಗಾಂಧಾರ ಹಿಡಿದು ಎಡಗೈಯಲ್ಲಿ ವೀಲ್ ತೂಗಿದರೆ ತೋಡಿಯ ಛಾಯೆ ಬಂದುಬಿಡುತ್ತದೆ. ಭಜನಾ ಮಂದಿರದಲ್ಲಿ ಹಾರ್ಮೋನಿಯಂ ನುಡಿಸುವ ಒಬ್ಬ ಹುಡುಗ ಇದನ್ನು ಮೊದಲ ಸಲ ಮಾಡಿದಾಗ ಕೀ ಬಿಡಲೇ ಇಲ್ಲ. "ಹಾರ್ಮೋನಿಯಂನಲ್ಲಿ ಇದು ಬರುವುದೇ ಇಲ್ಲ ಅಲ್ವಾ ಮಾಷ್ಟ್ರೇ" ಎಂದ. ಹೌದು, ಬರುವುದಿಲ್ಲ.

ಷಡ್ಜದಿಂದ ಪಂಚಮಕ್ಕೆ ಜಾರಬೇಕಿದ್ದರೆ 2 ಸಾಲದು. ಸಾಫ್ಟ್‌ವೇರಿನಲ್ಲಿ ಆ ವ್ಯಾಪ್ತಿಯನ್ನು 7 ಮಾಡಿಕೊಳ್ಳಬೇಕು. ಆದರೆ ವ್ಯಾಪ್ತಿ ಹೆಚ್ಚಿದಷ್ಟೂ ಬೆರಳು ಸ್ವಲ್ಪ ಅಲುಗಿದರೂ ಸ್ವರ ತಪ್ಪುತ್ತದೆ. ಹಾಗಾಗಿ ಎಲ್ಲದಕ್ಕೂ 12 ಇಟ್ಟುಕೊಂಡು ಕೂರಬೇಡಿ, ಹಾಡಿಗೆ ಬೇಕಾದಷ್ಟೇ ಇಡಿ. ಇನ್ನೊಂದು ವಿಷಯ ಎಲ್ಲ ಹೊಸಬರನ್ನೂ ಕಾಡುತ್ತದೆ. ವೀಲ್ ತಿರುಗಿಸಿದರೆ ಆ ಟ್ರ್ಯಾಕಿನಲ್ಲಿ ಒತ್ತಿರುವ ಎಲ್ಲ ಸ್ವರಗಳೂ ಒಟ್ಟಿಗೆ ಜಾರುತ್ತವೆ. ಎಡಗೈಯ ಶ್ರುತಿಯನ್ನೂ ಬಲಗೈಯ ರಾಗವನ್ನೂ ಒಂದೇ ಟ್ರ್ಯಾಕಿನಲ್ಲಿ ನುಡಿಸಿದರೆ ಶ್ರುತಿಯೇ ತೇಲಾಡುತ್ತದೆ. ಶ್ರುತಿಗೆ ಬೇರೆ ಟ್ರ್ಯಾಕ್ ಮಾಡಿ. ಒಂದೊಂದು ಸ್ವರವನ್ನೂ ಬೇರೆ ಬೇರೆಯಾಗಿ ಜಾರಿಸುವ ಎಂಪಿಇ ಕೀಬೋರ್ಡುಗಳೂ ಇವೆ, ದುಬಾರಿ. ಮೊದಲನೆಯದಾಗಿ ಬೇಡ.

ವೀಲಿನ ಬದಲು ಏನೇನು ಕೊಡುತ್ತಾರೆ ನೋಡಿ. ಅಕಾಯ್ ಎಂಪಿಕೆ ಮಿನಿಯ ಎಂಕೆ3 ಮಾದರಿಯಲ್ಲಿ ಸಣ್ಣ ಜಾಯ್‌ಸ್ಟಿಕ್ ಇದೆ. ಆರ್ಟೂರಿಯಾ ಮಿನಿಲ್ಯಾಬ್ 3ರಲ್ಲಿ ಬೆರಳು ಸವರುವ ಪಟ್ಟಿ. ಕಾರ್ಗ್ ನ್ಯಾನೋಕೀ 2ರಲ್ಲಿ ಬರೀ ಬಟನ್. ಅಕಾಯ್ ಎಲ್‌ಪಿಕೆ 25ರಲ್ಲಿ ಸ್ವರ ಜಾರಿಸುವ ಸೌಲಭ್ಯವೇ ಇಲ್ಲ. ಮೊದಲ ಎರಡೂ ಒಳ್ಳೆಯ ಉಪಕರಣಗಳೇ. ಬೀಟ್ ಕಟ್ಟುವವರಿಗೆ, ಬಸ್ಸಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಓಡಾಡುವವರಿಗೆ ಅವೇ ಸರಿ. ಆದರೆ ಗಮಕವನ್ನು ಸಮಾಧಾನವಾಗಿ ನುಡಿಸಲು ಕೈಗೆ ಸಿಗುವಂಥ, ಬಿಟ್ಟ ಕೂಡಲೇ ನಡುವಿಗೆ ಮರಳುವ ವೀಲ್ ಬೇಕು. ಎಂ-ಆಡಿಯೋ ಕೀಸ್ಟೇಷನ್ 49, ನೆಕ್ಟರ್ ಎಸ್‌ಇ 49, ನೊವೇಷನ್ ಲಾಂಚ್‌ಕೀ 49 ಇವುಗಳಲ್ಲಿ ಅದಿದೆ. ಮೊದಲ ಎರಡರಲ್ಲಿ ಪ್ಯಾಡುಗಳಿಲ್ಲ. ನನ್ನ ಮಟ್ಟಿಗೆ ಅದು ಕೊರತೆಯಲ್ಲ.

49 ಯಾಕೆ? 25 ಕೀ ಅಂದರೆ 2 ಸ್ಥಾಯಿ. ಎರಡೂ ಕೈ ಇಟ್ಟರೆ ಜಾಗ ಮುಗಿಯಿತು, ಮತ್ತೆ ಮತ್ತೆ ಆಕ್ಟೇವ್ ಬಟನ್ ಒತ್ತಬೇಕು. 49ರಲ್ಲಿ 4 ಸ್ಥಾಯಿ. ಹಾರ್ಮೋನಿಯಂ ಸಾಮಾನ್ಯವಾಗಿ 3 ಅಥವಾ ಮೂರೂವರೆ ಸ್ಥಾಯಿಯದ್ದು, ಹಾಗಾಗಿ ಆ ಅಭ್ಯಾಸದ ಕೈಗೆ ಇದು ಧಾರಾಳ ಸಾಕು. ಪಿಯಾನೋ ಕಲಿಯುವ ಮಕ್ಕಳಿಗೆ 61 ತೆಗೆಯಿರಿ, ಪರೀಕ್ಷೆ ಕಟ್ಟುವವರಿಗೆ ಪಿಯಾನೋದ ಹಾಗೆ ತೂಕದ ಕೀ ಇರುವ 88 ಬೇಕು. ಮಿನಿ ಕೀಗಳ ಅಗಲ ಕಡಿಮೆ. ಅದರಲ್ಲೇ ಪಳಗಿದ ಬೆರಳು ದೊಡ್ಡ ಕೀಲಿಮಣೆಯಲ್ಲಿ ತಡವರಿಸುತ್ತದೆ.

ಟ್ರಾನ್ಸ್‌ಪೋಸ್, ಅಂದರೆ ಇಡೀ ಕೀಲಿಮಣೆಯ ಶ್ರುತಿಯನ್ನು ಏರಿಸಿ ಇಳಿಸುವ ಸೌಲಭ್ಯ ಇದೆಯೇ ಎಂದು ಕೇಳಿ. ಭಾಗವತರು ಕಪ್ಪು 1 (ಮೊದಲ ಕಪ್ಪು ಕೀಯ ಶ್ರುತಿ) ಎಂದರೆ ಕಪ್ಪು 1ರಲ್ಲೇ ಹಾಡುವುದು. ನಿಮ್ಮ ಬೆರಳಿಗೆ ಬಿಳಿ 1ರಲ್ಲಿ ಷಡ್ಜ ಇಟ್ಟು ಅಭ್ಯಾಸವಾಗಿದ್ದರೆ ಟ್ರಾನ್ಸ್‌ಪೋಸ್ 1 ಹೆಚ್ಚಿಸಿದರೆ ಆಯಿತು. ಸಾಫ್ಟ್‌ವೇರಿನಲ್ಲೂ ಹೆಚ್ಚಿಸಿದ್ದರೆ ಮಾತ್ರ ಎರಡು ಸಲ ಏರಿ ಕಪ್ಪು 1 ಹೋಗಿ ಬಿಳಿ 2 ಆಗುತ್ತದೆ. ಎಲ್ಲಾದರೂ ಒಂದೇ ಕಡೆ ಮಾಡಿ.

ಪ್ಯಾಡ್ ಬೇಕೇ ಬೇಕು ಎನ್ನುವವರು ಹೆಚ್ಚಾಗಿ ಚೆಂಡೆಯ ಆಸೆಯವರು. ಯಕ್ಷಗಾನದ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆಯ ಸೀಮೆ ಇದು, ಆಸೆ ಸಹಜವೇ. ಆದರೆ 8 ಪ್ಯಾಡಿನಲ್ಲಿ ಚೆಂಡೆಯ ಉರುಳಿಕೆ ಹುಟ್ಟುವುದಿಲ್ಲ. ಕೋಲು ಚರ್ಮದ ಮೇಲೆ ಎಲ್ಲಿ ಬಿತ್ತು ಎನ್ನುವುದರಿಂದ ನಾದ ಬದಲಾಗುತ್ತದೆ. ಪ್ಯಾಡಿಗೆ ಗೊತ್ತಾಗುವುದು ಪೆಟ್ಟಿನ ಬಲ ಮಾತ್ರ. ಪಕ್ಕದ ಊರಲ್ಲೇ ಚೆಂಡೆಯವರಿದ್ದಾರೆ. ಪ್ಯಾಡಿನ ದುಡ್ಡು ಉಳಿಸಿ ಒಂದು ಮೈಕ್ ತೆಗೆದುಕೊಂಡು ಅವರನ್ನೇ ಕರೆಯಿರಿ.

ಕೊಂಡ ಮೇಲೆ ಬರುವ ದೊಡ್ಡ ದೂರು: "ಒತ್ತಿದ ಮೇಲೆ ಸದ್ದು ತಡವಾಗಿ ಬರ್ತದೆ, ಕೀಬೋರ್ಡ್ ಹಾಳಾ?" ಹಾಳಲ್ಲ. ತಡ ಆಗುವುದು ಕಂಪ್ಯೂಟರಿನಲ್ಲಿ. ಸಾಫ್ಟ್‌ವೇರಿನ ಆಡಿಯೋ ಸೆಟ್ಟಿಂಗಿನಲ್ಲಿ ಬಫರ್ ಎಂದಿರುತ್ತದೆ, ಸದ್ದನ್ನು ಹೊರಗೆ ಬಿಡುವ ಮೊದಲು ಕಂಪ್ಯೂಟರ್ ಎಷ್ಟು ಕೂಡಿಟ್ಟುಕೊಳ್ಳುತ್ತದೆ ಎಂಬ ಅಳತೆ ಅದು. 44,100 ಸ್ಯಾಂಪಲ್ ದರದಲ್ಲಿ ಬಫರ್ 512 ಇದ್ದರೆ ಅದೊಂದರಿಂದಲೇ ಸುಮಾರು 12 ಮಿಲಿಸೆಕೆಂಡ್ ತಡ. 128 ಮಾಡಿದರೆ ಸುಮಾರು 3. ವಿಂಡೋಸ್‌ನಲ್ಲಿ ಈ ತಡ ಇಳಿಸಲು ಎಎಸ್‌ಐಒ ಎಂಬ ಡ್ರೈವರ್ ಬೇಕು. ಸೌಂಡ್ ಕಾರ್ಡಿನ ಜೊತೆ ಬಂದಿಲ್ಲದಿದ್ದರೆ ಎಎಸ್‌ಐಒ4ಆಲ್ ಉಚಿತವಾಗಿ ಸಿಗುತ್ತದೆ. ಮ್ಯಾಕ್‌ನಲ್ಲಿ ಈ ಗೋಜಿಲ್ಲ. ಬ್ಲೂಟೂತ್ ಹೆಡ್‌ಫೋನ್ ಹಾಕಿದ್ದರೆ ಬಫರ್ ಎಷ್ಟು ಇಳಿಸಿದರೂ ಪ್ರಯೋಜನವಿಲ್ಲ. ವಯರ್ ಇರುವುದನ್ನೇ ಹಾಕಿ.

ಕೀಬೋರ್ಡು ಕಂಪ್ಯೂಟರಿನ ಜೊತೆ ಮಾತಾಡುವ ಈ ಮಿಡಿ ಭಾಷೆ 1983ರಿಂದ ಇದೆ. 2020ರಲ್ಲಿ ಮಿಡಿ 2.0 ಬಂತು. ಹಳೆಯದು ಹೊಸದರ ಜೊತೆ ಕೆಲಸ ಮಾಡುತ್ತದೆ, ಅದಕ್ಕಾಗಿ ಕಾಯಬೇಕಿಲ್ಲ.

ನಮ್ಮ ಕರಾವಳಿಯ ಹವೆಯ ಬಗ್ಗೆ ಮಾತ್ರ ಯಾವ ರಿವ್ಯೂವಿನವರೂ ಹೇಳುವುದಿಲ್ಲ. ಪ್ರತಿ ಕೀಯ ಕೆಳಗೆ ರಬ್ಬರಿನ ಪಟ್ಟಿಯಲ್ಲಿ ಎರಡು ಸಂಪರ್ಕಗಳಿರುತ್ತವೆ. ಕೀ ಇಳಿಯುವಾಗ ಒಂದು ಮೊದಲು ತಾಗುತ್ತದೆ, ಇನ್ನೊಂದು ನಂತರ. ಇವೆರಡರ ನಡುವಿನ ಸಮಯ ಅಳೆದೇ ಎಷ್ಟು ಜೋರಾಗಿ ಒತ್ತಿದಿರಿ ಎಂದು 1ರಿಂದ 127ರವರೆಗಿನ ಅಂಕೆ ಕೊಡುವುದು. ಮಳೆಗಾಲದ ತೇವ ಮತ್ತು ದೂಳು ಅಲ್ಲಿ ಕೂತರೆ ಕೆಲವು ಕೀ ಮೂಕವಾಗುತ್ತವೆ, ಕೆಲವು ಮೆಲ್ಲ ಮುಟ್ಟಿದರೂ 127 ಎಂದು ಕಿರುಚುತ್ತವೆ. ಬಟ್ಟೆ ಮುಚ್ಚಿಡಿ, ಗೋಡೆಗೆ ತಾಗಿಸಿ ಇಡಬೇಡಿ, ಬ್ಯಾಗಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬ್ಯಾಗಿನಲ್ಲೇ ಮಲಗಿಸುವುದಕ್ಕಿಂತ ದಿನಾ ನುಡಿಸುವುದು ಒಳ್ಳೆಯದು. ಅಕ್ಟೋಬರಿನ ಸಂಜೆ ಗುಡುಗು ಶುರುವಾದರೆ ಚಾರ್ಜರ್ ಕಿತ್ತು ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ನುಡಿಸಿ. ಇಂಥ ಹೆಚ್ಚಿನ ಕೀಬೋರ್ಡುಗಳಿಗೆ ಯುಎಸ್‌ಬಿಯ ಕರೆಂಟೇ ಸಾಕು.

ಮಂಗಳೂರಿಗೆ ಹೋಗಿ ಕೈಯಿಟ್ಟು ನೋಡಿ ಕೊಂಡರೆ ಉತ್ತಮ. ಆನ್‌ಲೈನಿನಲ್ಲಿ ತರಿಸಿದರೆ ಬಂದ ದಿನವೇ ಕೂತು ಪರೀಕ್ಷಿಸಿ. ಕಂಪ್ಯೂಟರ್ ಗುರುತಿಸದಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಿ, ಬರೀ ಚಾರ್ಜಿಂಗಿನ ಕೇಬಲ್‌ಗಳೂ ಇರುತ್ತವೆ. ಆಮೇಲೆ ಸಾಫ್ಟ್‌ವೇರಿನಲ್ಲಿ ರೆಕಾರ್ಡ್ ಒತ್ತಿ, ಎಡದಿಂದ ಬಲಕ್ಕೆ ಕರಿ ಬಿಳಿ ಬಿಡದೆ ಎಲ್ಲ ಕೀಗಳನ್ನೂ ಒಂದೇ ಹದದಲ್ಲಿ ಒತ್ತುತ್ತಾ ಹೋಗಿ. ಅಂಕೆಗಳು ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿರಬೇಕು. ನಡುವೆ ಒಂದು ಕೀ ಮಾತ್ರ 60ರ ಪಕ್ಕದಲ್ಲಿ 120 ತೋರಿಸಿದರೆ ಅದು ದೋಷ. ಪೆಡಲಿನ ಕಿಂಡಿ ಇದ್ದರೆ ಅದನ್ನೂ ನೋಡಿ. ಕೊನೆಗೆ ವೀಲನ್ನು ಪೂರ್ತಿ ಎಳೆದು ಬಿಡಿ, ಅಂಕೆ ಸೊನ್ನೆಗೆ ಮರಳಬೇಕು. ಮರಳದಿದ್ದರೆ ನೀವು ಏನು ನುಡಿಸಿದರೂ ಶ್ರುತಿ ಕೂದಲೆಳೆಯಷ್ಟು ಆಚೀಚೆ ಇರುತ್ತದೆ. ಅಂಥದ್ದನ್ನು ರಿಪೇರಿ ಮಾಡಿಸುತ್ತಾ ಕೂರದೆ, ವಾಪಸ್ ಕೊಡುವ ಅವಧಿ ಮುಗಿಯುವ ಮೊದಲೇ ಬದಲಿಸಿಕೊಳ್ಳಿ.